ಮೊನ್ನೆಯ ನೀರು

ಪಂಪಿನವನಿಗೆ ಕಿವಿ ಅರ್ಧ ಕೇಳುತ್ತಿರಲಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ವರ್ಷ ನದಿ ದಂಡೆಯ ಪಂಪ್‌ಹೌಸಿಗೆ ಸೇರಿದ, ಅಲ್ಲಿನ ಮೋಟಾರು ಅವನ ಕಿವಿ ತಿಂದುಹಾಕಿತು. ಊಟಕ್ಕೆ ಕೂತು ಉಪ್ಪು ಕೇಳಿದರೂ ಜಗಳಕ್ಕೆ ಬಂದವನ ಹಾಗೆ ಕೂಗುತ್ತಿದ್ದ. ಅವನ ಮನೆಯ ಗುಟ್ಟೆಲ್ಲ ಬೀದಿಗೆ ಬಾಯಿಪಾಠ.

ದೊಡ್ಡ ಕೆಲಸವೇನಲ್ಲ. ಮಡುವಿನ ನೀರೆತ್ತಿ ಊರಿನ ಟ್ಯಾಂಕಿಗೆ ಕಳಿಸಬೇಕು. ಹಗಲೂ ರಾತ್ರಿ ಮೋಟಾರು ಓಡಬೇಕು; ಟ್ಯಾಂಕು ತುಂಬಿ ಮಿಕ್ಕಿದ್ದು ಇನ್ನೊಂದು ಪೈಪಿನಲ್ಲಿ ಮಡುವಿಗೇ ವಾಪಸ್ ಬೀಳುತ್ತದೆ. ಬೇರಿಂಗಿಗೆ ಗ್ರೀಸು ಹಾಕಬೇಕು, ಪೈಪಿನ ತುದಿಯ ಜಾಲರಿಗೆ ಸಿಕ್ಕಿದ ಕಸ ಬಿಡಿಸಬೇಕು. ಅಷ್ಟೇ.

ಆ ಮಡುವಿನಲ್ಲಿ ಕೆಂಪು ರೆಕ್ಕೆಯ ಮೀನುಗಳಿದ್ದವು. ಬೇರೆ ಕಡೆಯವೆಲ್ಲ ಮುಗಿದಿದ್ದವು. ಬೇಸಿಗೆಯಲ್ಲಿ ನದಿ ಬತ್ತಿ ಬಂಡೆ ಎದ್ದಾಗ ಅವಕ್ಕೆ ಉಳಿಯುವ ಜಾಗ ಅದೊಂದೇ. ಊರಿಗೂ ಅದೊಂದೇ. ಮೀನಿನ ಇಲಾಖೆಯವರೂ ನೀರಿನ ಆಫೀಸಿನವರೂ ಕೂತು ಮಾತಾಡಿದರು. ಬೇಸಿಗೆ ಮುಗಿಯುವವರೆಗೆ ದಿನ ಬಿಟ್ಟು ದಿನ ನೀರು ಅಂತ ಆಯಿತು. ಒಂದು ದಿನ ಊರಿನದು, ಒಂದು ದಿನ ಮೀನಿನದು. ಹಾಗೆ ಮಾಡಿದರೆ ಮಳೆ ಬರುವ ತನಕ ಮಡು ತಡೆಯುತ್ತದೆ ಅಂತ ಅವರ ಲೆಕ್ಕ.

ಮೊದಲ ದಿನ ಮೋಟಾರು ನಿಲ್ಲಿಸಿದಾಗ ಅವನಿಗೆ ತಲೆ ಸುತ್ತಿದ ಹಾಗಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದವು. ಅಷ್ಟು ವರ್ಷ ಅಲ್ಲೇ ಇದ್ದವನು ಒಂದನ್ನೂ ಕಂಡಿರಲಿಲ್ಲ. ಮೋಟಾರಿನ ನಡುಕಕ್ಕೆ ಅವು ಈ ದಡಕ್ಕೆ ಬರುತ್ತಲೇ ಇರಲಿಲ್ಲ. ಅಂದು ಬಂದವು, ಕೈಯುದ್ದದವು, ಮೆಟ್ಟಿಲ ಬುಡದಲ್ಲಿ ಸುಮ್ಮನೆ ನಿಂತವು.

ಸಂಜೆ ಹೆಂಡತಿಗೆ ಹೇಳಿದ. ಅಂದು ಕೂಗಲಿಲ್ಲ.

"ಬಾಯಿ ಆಡಿಸ್ತಾವೆ ಕಣೇ, ಏನೋ ಹೇಳೋ ಹಾಗೆ. ಒಂಚೂರೂ ಸದ್ದಿಲ್ಲ."

"ನಿಮ್ಮ ಕಿವಿಗೆ ಸರಿಯಾದ ಜೋಡಿ ಬಿಡಿ," ಅಂದಳು ಅವಳು.

ಮೀನಿನ ದಿನ ಬಂದರೆ ಮನೆಗೆ ತಡವಾಗಿ ಬರುತ್ತಿದ್ದ. ಮಳೆ ತನಕ ಮಡು ಉಳಿದರೆ ಸಾಕು ಅನ್ನುತ್ತಿದ್ದ. ಬೇರೆ ಏನನ್ನೂ ಅವನು ಹಾಗೆ ಬಯಸಿದ್ದನ್ನು ಹೆಂಡತಿ ಕಂಡಿರಲಿಲ್ಲ.

ಆದರೆ ಮಡು ಇಳಿಯತೊಡಗಿತು. ಮೋಟಾರು ಓಡುವುದು ಅರ್ಧ, ನೀರು ಇಳಿಯುವುದು ಹೋದ ವರ್ಷಕ್ಕಿಂತ ಜೋರು. ಎಲ್ಲಿ ಹೋಗುತ್ತಿದೆ ಅಂತ ತಿಳಿಯದೆ ದಾರಿಯುದ್ದಕ್ಕೂ ಪೈಪು ನೋಡಿಕೊಂಡು ಬಂದ. ಎಲ್ಲೂ ಒಡೆದಿರಲಿಲ್ಲ. ಕೊನೆಗೆ ತನ್ನ ಮನೆಯ ಬಾಗಿಲಲ್ಲೇ ಕಂಡ. ಅವರ ಜೊತೆಗೇ ಇದ್ದ ಅವನ ಅಕ್ಕ ಡ್ರಮ್ಮು ಬಗ್ಗಿಸಿ ಮೋರಿಗೆ ಸುರಿಯುತ್ತಿದ್ದಳು.

"ಏನಕ್ಕಾ ಮಾಡ್ತಿದ್ದೀಯ!"

"ಕಿರುಚಬೇಡ, ನನಗೆ ಕಿವಿ ಇದೆ. ನಲ್ಲಿ ಬಂತು, ಹಳೇದು ಚೆಲ್ತಿದ್ದೀನಿ."

"ಮುಚ್ಚಿಟ್ಟ ನೀರು ತಾನೇ? ಏನಾಗಿದೆ ಅದಕ್ಕೆ?"

"ಮೊನ್ನೆಯದು. ಮೊನ್ನೆಯ ನೀರು ಕುಡಿಯೋಷ್ಟು ಗತಿಗೆಟ್ಟಿದ್ದೀವೇನೋ ನಾವು?"

ಬೀದಿಯುದ್ದಕ್ಕೂ ಅದೇ. ನಲ್ಲಿ ದಿನವೂ ಇದ್ದಾಗ ಮನೆಗೊಂದು ಕೊಡ ತುಂಬಿಸಿಡುತ್ತಿದ್ದರು. ನಾಳೆ ಇಲ್ಲ ಅಂದ ಕೂಡಲೇ ಹೆದರಿದರು. ಡ್ರಮ್ಮು, ಬಕೆಟ್ಟು, ಹಂಡೆ, ಮಗುವಿನ ಸ್ನಾನದ ಟಬ್ಬು ಕೂಡ ತುಂಬಿಸಿದರು. ಅರ್ಧ ಬಳಸಿದರು, ಅರ್ಧ ಚೆಲ್ಲಿದರು. ಟ್ಯಾಂಕಿನಿಂದ ಮಡುವಿಗೆ ಒಂದು ಹನಿಯೂ ವಾಪಸ್ ಬರಲಿಲ್ಲ. ಮೋರಿಯಲ್ಲಿ ಹರಿಯುತ್ತಿದ್ದ ನೀರಲ್ಲಿ ಮುಖ ಕಾಣುತ್ತಿತ್ತು.

ಅವನು ಮನೆ ಮನೆಗೆ ಹೋದ. ಚೆಲ್ಲಬೇಡಿ ಅಂತ ಬೇಡಿಕೊಂಡ. ಆ ಗಂಟಲಲ್ಲಿ ಬೇಡಿಕೊಂಡರೂ ಬೈದ ಹಾಗೆಯೇ ಕೇಳಿಸಿತು.

"ಬಂದ್ರಪ್ಪಾ ಮೀನಿನ ಮಾವ!" ಅಂದ ಮೂಲೆಮನೆಯ ಟೈಲರು. "ಮಗಳನ್ನೇನಾದ್ರೂ ಕೊಟ್ಟಿದ್ದೀಯೇನಯ್ಯಾ ಅವಕ್ಕೆ?"

"ತಮಾಷೆ ಬೇಡಣ್ಣ. ಮಡು ಖಾಲಿ ಆಗ್ತಿದೆ."

"ದಿನಾ ನೀರು ಬಿಡು, ಯಾರು ಕೂಡಿಡ್ತಾರೆ, ಯಾರು ಚೆಲ್ತಾರೆ?"

ಅದೂ ಸರಿಯೇ. ಮನೆಗೆ ಬಂದು ಮೊನ್ನೆಯ ನೀರು ತಾನೇ ಎರಡು ಲೋಟ ಕುಡಿದ. ಅಕ್ಕ ಮುಖ ಸಿಂಡರಿಸಿದಳು.

ಮಳೆಗೆ ಇನ್ನೂ ದಿನವಿತ್ತು. ನೀರು ಪೈಪಿನ ತುದಿಗಿಂತ ಕೆಳಗೆ ಹೋಯಿತು, ಮೋಟಾರು ಬರೀ ಗಾಳಿ ಎಳೆಯಿತು. ಬಂಡೆಗಳ ನಡುವೆ ಒಂದು ಗುಂಡಿಯಲ್ಲಿ ಮಾತ್ರ ನೀರು ಉಳಿದಿತ್ತು. ಮೀನೆಲ್ಲ ಅದರಲ್ಲೇ. ಇಂಜಿನಿಯರು ಬಂದು ಪೈಪು ಅದರೊಳಕ್ಕೆ ಇಳಿಸು ಅಂದರು. ಮೀನಿನ ಇಲಾಖೆಯ ಸಾಹೇಬರೂ ಬಂದಿದ್ದರು, ನೆಲ ನೋಡುತ್ತ ನಿಂತಿದ್ದರು.

"ಎರಡು ದಿನ ತಡೀರಿ ಸಾರ್. ಮೋಡ ಕಟ್ತಿದೆ."

"ಆಸ್ಪತ್ರೇಲಿ ಕೈ ತೊಳೆಯೋಕೆ ನೀರಿಲ್ಲ ಕಣಯ್ಯಾ. ನೀನು ಮೋಡ ತೋರಿಸ್ತೀಯಾ?" ಅಂದರು ಇಂಜಿನಿಯರು.

ಅವನೇ ಇಳಿಸಿದ. ಬೇರೆಯವರು ಎತ್ತಿಹಾಕಿದರೆ ಕೆಸರು ಕದಡುತ್ತದೆ ಅಂತ ಸೊಂಟದ ತನಕ ನೀರಿಗಿಳಿದು ನಿಧಾನ ಕೂರಿಸಿದ. ಮೇಲೆ ಬಂದು ಮೋಟಾರು ಹಾಕಿದ. ಸಂಜೆಗೆ ಗುಂಡಿ ಕೆಸರಾಯಿತು. ಇಲಾಖೆಯವರು ಜೀವ ಇದ್ದವನ್ನು ಡ್ರಮ್ಮಿಗೆ ತುಂಬಿ ಒದ್ದೆ ಗೋಣಿ ಮುಚ್ಚಿ ಒಯ್ದರು. ದಾರಿಯಲ್ಲೇ ಸತ್ತವಂತೆ. ಜಾಲರಿಗೆ ಅಂಟಿಕೊಂಡವನ್ನು ಅವನು ಒಂದೊಂದಾಗಿ ಬಿಡಿಸಿದ. ಅದು ಅವನ ಕೆಲಸವೇ ತಾನೇ.

ಮೂರನೇ ದಿನ ಮಳೆ ಬಂತು.

ಮೀನಿಲ್ಲದ ಮೇಲೆ ನಿಲ್ಲಿಸುವುದು ಯಾತಕ್ಕೆ? ಮೊದಲಿನ ಹಾಗೆ ಹಗಲೂ ರಾತ್ರಿ ನೀರು. ಬೀದಿಗೆ ಸಂತೋಷ. ಯಾರೂ ಕೂಡಿಡಲಿಲ್ಲ, ಯಾರೂ ಚೆಲ್ಲಲಿಲ್ಲ. ಮನೆಯಲ್ಲಿ ಅವನು ಕೂಗುವುದೂ ನಿಂತಿತು. ಉಪ್ಪು ಬೇಕಾದರೆ ಎದ್ದು ತಾನೇ ಹಾಕಿಕೊಳ್ಳುತ್ತಿದ್ದ.

ಚಳಿಗಾಲದಲ್ಲಿ ಅದೇ ಸಾಹೇಬರು ಜೀಪಿನಲ್ಲಿ ಬಂದರು. ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಮರಿಗಳು. ಅದೇ ಜಾತಿಯವು, ಎಲ್ಲಿಂದಲೋ ತರಿಸಿದ್ದರು.

"ಬೇಡ ಸಾರ್. ವಾಪಸ್ ತಗೊಂಡು ಹೋಗಿ."

"ಯಾಕಯ್ಯಾ? ಎಲ್ಲರಿಗಿಂತ ನಿನಗೇ ಖುಷಿಯಾಗತ್ತೆ ಅಂದ್ಕೊಂಡಿದ್ದೆ."

"ಬೇಸಿಗೆ ಬರತ್ತಲ್ಲ ಸಾರ್. ಪೈಪು ಇಳಿಸೋನು ನಾನೇ ಅಲ್ವಾ."

ಸಾಹೇಬರು ಚೀಲದ ಬಾಯಿ ಬಿಚ್ಚಿ ಮರಿಗಳನ್ನು ಮಡುವಿಗೆ ಬಿಟ್ಟರು. ಅವನು ಒಳಗೆ ಹೋಗಿ ಗ್ರೀಸಿನ ಡಬ್ಬಿ ಹಿಡಿದು ಕೂತ, ನೋಡಲು ಬರಲಿಲ್ಲ.

ಬೇಸಿಗೆಗೆ ಮುಂಚೆ ಅವನೇ ಹೋದ. ಎದೆ ನೋವು ಅಂದ, ಮಲಗಿದ, ಏಳಲಿಲ್ಲ. ಆ ಬೇಸಿಗೆ ಪೈಪು ಇಳಿಸಿದ್ದು ಹೊಸಬ.