ಕಾಗದದ ಮೇಲೆ ಇಬ್ಬರು

ನಾನು ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೆ ಒಂಬತ್ತು ವರ್ಷಗಳಿಂದ ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅಮೆರಿಕದ ಉಳ್ಳವರ ಸಣ್ಣ ವಿಮಾನಗಳನ್ನು ಕೆರಿಬಿಯನ್ ದ್ವೀಪಗಳಲ್ಲಿ ಇಳಿಸುತ್ತಿದ್ದೇನೆ. ಇಳಿಸುವುದು ಅಂದರೆ ಕಾಗದದ ಮೇಲೆ. ಸ್ವಂತ ವಿಮಾನ ಇದ್ದರೇನು, ಪರದೇಶದ ನೆಲ ಮುಟ್ಟಿದ ಮೇಲೆ ಕಸ್ಟಮ್ಸ್‌ನವರ ಮುಂದೆ ನಿಲ್ಲಲೇಬೇಕು. ಯಾರು ಬರುತ್ತಿದ್ದಾರೆ, ಪಾಸ್‌ಪೋರ್ಟ್ ನಂಬರು ಎಷ್ಟು, ಹುಟ್ಟಿದ್ದು ಯಾವಾಗ, ಎಲ್ಲಿ ಉಳಿದುಕೊಳ್ಳುತ್ತಾರೆ, ಜೊತೆಗೆ ನಾಯಿ ಇದೆಯೇ, ಆ ನಾಯಿಗೆ ಚುಚ್ಚುಮದ್ದು ಆಗಿದೆಯೇ, ಎಲ್ಲವನ್ನೂ ಹಾರುವ ಮೊದಲೇ ಬರೆದು ಕಳಿಸಬೇಕು. ಕಾಗದದಲ್ಲಿ ಎಷ್ಟು ತಲೆಯೋ ವಿಮಾನದಲ್ಲೂ ಅಷ್ಟೇ ತಲೆ. ಒಂದು ಹೆಚ್ಚಾದರೂ ತಕರಾರು, ಒಂದು ಕಡಿಮೆಯಾದರೂ ತಕರಾರು. ಪುಣೆಯ ಒಂದು ಕಂಪನಿ ಈ ಕೆಲಸವನ್ನು ಮನೆಯಿಂದಲೇ ಮಾಡಲು ಕೊಡುತ್ತದೆ. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಿಸುವ ಉಸಾಬರಿಗೆ ನಾನೂ ಹೋಗುವುದಿಲ್ಲ.

ಅದಕ್ಕೂ ಮೊದಲು ನಾನು ಇಂಡಿ ಪಟ್ಟಣದಲ್ಲಿ ಒಬ್ಬ ಬಾಂಡ್ ರೈಟರ್ ಕೈಕೆಳಗೆ ಟೈಪ್ ಮಾಡುತ್ತಿದ್ದೆ. ಅಲ್ಲೊಂದು ಕಟ್ಟುನಿಟ್ಟಿತ್ತು. ಹೊಲದ ಖರೀದಿ ಪತ್ರವನ್ನು ಬರೆದವನೇ ತಪಾಸಣೆ ಮಾಡುವಂತಿಲ್ಲ. ಇನ್ನೊಬ್ಬರು ಮೂಲ ಕಾಗದ ಹಿಡಿದು ಗಟ್ಟಿಯಾಗಿ ಓದಬೇಕು, ಬರೆದವನು ಒಂದೊಂದು ಅಂಕಿಯ ಮೇಲೂ ಪೆನ್ಸಿಲ್ ಚುಕ್ಕೆ ಇಡುತ್ತ ಹೋಗಬೇಕು. ಬೇರೆಯವರ ಬಾಯಿಂದ ಕೇಳಿದಾಗಲೇ ತಪ್ಪು ಕಾಣುತ್ತದೆ ಎನ್ನುತ್ತಿದ್ದರು ನಮ್ಮ ಯಜಮಾನರು. ಆ ಪದ್ಧತಿಯನ್ನು ನಾನು ವಿಮಾನದ ಕೆಲಸಕ್ಕೂ ತಂದೆ. ಓದುವವಳು ನನ್ನ ಹೆಂಡತಿ.

ಆಕೆ ಮುದ್ದೇಬಿಹಾಳದವಳು, ಪಿಯುಸಿ ಓದಿದವಳು. ಇಂಗ್ಲಿಷ್ ಅಕ್ಷರಗಳನ್ನು ಸಾಲಿಯಲ್ಲಿ ಮಗ್ಗಿ ಹೇಳಿದಂತೆ ರಾಗವಾಗಿ ಓದುತ್ತಿದ್ದಳು. ಅಲ್ಲಿನ ಸಂಜೆ ನಮಗೆ ಮುಂಜಾನೆ. ಚಹಾ ಕುಡಿದು ಕುಳಿತರೆ ಹತ್ತು ಗಂಟೆಯೊಳಗೆ ನಮ್ಮ ಕೆಲಸ ಮುಗಿಯುತ್ತಿತ್ತು. ನಾನು ಅವಸರದ ಮನುಷ್ಯ, ಬಾಯಿಯೂ ಖಾರ. ಮುಂದೆ ನಡಿ, ಮುಂದೆ ನಡಿ ಎಂದು ಗದರುತ್ತಿದ್ದೆ. ಆಕೆ ಬೇಕಂತಲೇ ಇನ್ನಷ್ಟು ನಿಧಾನ ಮಾಡುತ್ತಿದ್ದಳು. ಒಮ್ಮೆ ನಾನು ಒಬ್ಬರ ಹುಟ್ಟಿದ ವರ್ಷವನ್ನು ತಪ್ಪು ಹೊಡೆದಾಗ ಕಾಗದ ಕೆಳಗಿಟ್ಟು ನಕ್ಕಳು.

"ಏನ್ರಿ, ಈ ಲೆಕ್ಕಕ್ಕ ಈ ಮನುಷ್ಯಾ ಅವರವ್ವನಕಿಂತ ದೊಡ್ಡಾಂವ ಆಗ್ತಾನಲ್ರಿ."

ನಮ್ಮ ಕೈಗೆ ಬರುತ್ತಿದ್ದ ನೂರಾರು ಮಂದಿಯಲ್ಲಿ ಫ್ಲೋರಿಡಾದ ಒಂದು ವಯಸ್ಸಾದ ಜೋಡಿ ಇತ್ತು. ಗಂಡನೇ ವಿಮಾನ ನಡೆಸುತ್ತಿದ್ದರು, ಹೆಂಡತಿ ಪಕ್ಕದಲ್ಲಿ ಕೂರುತ್ತಿದ್ದರು. ಒಂದು ಪುಟ್ಟ ದ್ವೀಪದಲ್ಲಿ ಅವರದೊಂದು ಮನೆ. ನಾವು ಅವರಿಗೆ ಅಜ್ಜ, ಅಜ್ಜಿ ಎಂದೇ ಹೆಸರಿಟ್ಟಿದ್ದೆವು. ಅಜ್ಜನಿಗೆ ಮೇಲ್ ಓದುವ ಬೇಸರ, ಫೋನಿನಲ್ಲೇ ಎಲ್ಲ. ಸ್ಪೀಕರ್ ಹಾಕಿ ನನ್ನ ಹೆಂಡತಿ ಅವರ ನಂಬರುಗಳನ್ನು ಓದಿದರೆ ಅತ್ತ ಕಡೆಯಿಂದ ಅಜ್ಜಿ ಹೂಂಗುಟ್ಟುತ್ತಿದ್ದರು. ಇವಳಿಗೆ ಇಂಗ್ಲಿಷ್ ಮಾತಾಡಲು ಬಾರದು, ಅವರಿಗೆ ಕನ್ನಡ ಬಾರದು. ಆದರೂ ಒಂದು ದಿನ ಇಬ್ಬರೂ ನಗಲು ಶುರು ಮಾಡಿ ನಿಲ್ಲಿಸಲೇ ಇಲ್ಲ. ಯಾತಕ್ಕೆ ನಕ್ಕರೋ ನನಗೂ ತಿಳಿಯಲಿಲ್ಲ, ಅಜ್ಜನಿಗೂ ತಿಳಿಯಲಿಲ್ಲ. ಅಂದಿನಿಂದ ಅಜ್ಜ ನನ್ನ ಹೆಂಡತಿಯನ್ನು ಬಾಸ್, ಅಂದರೆ ಯಜಮಾನಿ, ಎಂದು ಕರೆಯತೊಡಗಿದರು. ಯಜಮಾನಿ ಓದಿದ್ದಾಳೆ ಅಂದರೆ ನಾನು ನೋಡುವುದೇನಿದೆ ಎನ್ನುತ್ತಿದ್ದರು.

ಆಮೇಲೆ ನನ್ನ ಹೆಂಡತಿಯ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ವಿಜಯಪುರಕ್ಕೆ ಡಯಾಲಿಸಿಸ್‌ಗೆ ಹೋಗಿಬರಬೇಕಾಯಿತು. ಮುಂಜಾನೆಯ ಬಸ್ಸು ಹಿಡಿದು ಹೋಗುತ್ತಿದ್ದೆವು. ಆಕೆ ಮಂಚದ ಮೇಲೆ ಮಲಗಿ, ಸೂಜಿ ಇಲ್ಲದ ಕೈಯಲ್ಲಿ ಮೊಬೈಲು ಹಿಡಿದು ಓದುತ್ತಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಸಾಕು ಮಲಗು ಎಂದರೆ ಕೇಳುವವಳಲ್ಲ. ನಡುವೆ ಒಂದೇ ಗೋಡೆ. ಎರಡು ವರ್ಷ ಹಾಗೆ ನಡೆಯಿತು. ಈ ವರ್ಷ ಮೊದಲ ಮಳೆ ಬಿದ್ದ ವಾರ ಆಕೆ ಹೋದಳು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಮಾತು ನಿಂತಿತು. ಎರಡು ವಾರ ಬಿಟ್ಟು ನಾನು ಕೆಲಸಕ್ಕೆ ಕೂತೆ. ನಾನೇ ಬರೆಯುವುದು, ನಾನೇ ಮನಸ್ಸಿನಲ್ಲಿ ಓದಿಕೊಳ್ಳುವುದು.

ಸಿಂದಗಿಯಿಂದ ನನ್ನ ಅಣ್ಣ ಬಂದು ಉಳಿದದ್ದನ್ನೆಲ್ಲ ಮಾಡಿದ. ಮರಣ ಪತ್ರ ತಂದ, ಬ್ಯಾಂಕಿನ ಕಾಗದ ಸರಿ ಮಾಡಿಸಿದ. ಕೊನೆಗೆ ರೇಷನ್ ಕಾರ್ಡಿನಿಂದ ಆಕೆಯ ಹೆಸರು ತೆಗೆಸುವ ಅರ್ಜಿಯನ್ನು ತಾನೇ ತುಂಬಿ ನನ್ನ ಮುಂದಿಟ್ಟ.

"ತಮ್ಮಾ, ಇಲ್ಲದವರ ಹೆಸರ್ಲೆ ಅಕ್ಕಿ ತಗೋಬಾರದಪಾ. ಒಂದ್ ಸಹಿ ಹಾಕು."

ಆಕೆ ಹೋದ ಮೇಲೆ ನಾನು ಅಕ್ಕಿ ತಂದವನೇ ಅಲ್ಲ. ರೇಷನ್ ಅಂಗಡಿಯ ಕಡೆ ಕಾಲೂ ಇಟ್ಟಿರಲಿಲ್ಲ. ಸಹಿ ಮಾತ್ರ ಹಾಕಲಿಲ್ಲ. ಅಣ್ಣ ತಿಳಿಸಿ ಹೇಳಿದಷ್ಟೂ ನನಗೆ ತಲೆ ಕೆಟ್ಟಿತು. ಬಾಯಿಗೆ ಬಂದದ್ದು ಅಂದೆ. ಪಾಪ, ಆತ ಉಣ್ಣದೆ ಬಸ್ ಹತ್ತಿ ಹೋದ. ಅರ್ಜಿ ಹಾಗೆಯೇ ಉಳಿಯಿತು.

ಇದಾಗಿ ಹತ್ತು ದಿನಕ್ಕೆ ಅಜ್ಜನಿಂದ ಮೇಲ್ ಬಂತು. ಫೋನು ಬಿಟ್ಟು ಮೇಲ್ ಬರೆದಿದ್ದಾರೆ ಅಂದಾಗಲೇ ಏನೋ ಕೆಟ್ಟ ಸುದ್ದಿ ಎಂದು ತಿಳಿಯಿತು. ಅಜ್ಜಿ ನಿದ್ದೆಯಲ್ಲೇ ತೀರಿಕೊಂಡರಂತೆ. ಮುಂದಿನ ತಿಂಗಳು ದ್ವೀಪದ ಮನೆಗೆ ನಾನೊಬ್ಬನೇ ಹೋಗಿ ಬಾಗಿಲು ಮುಚ್ಚಿ ಬರುತ್ತೇನೆ, ಕಾಗದ ಮಾಡಿ ಎಂದು ಬರೆದಿದ್ದರು. ಫೋನಿನಲ್ಲಿ ಹೇಳಲು ಆಗುತ್ತಿಲ್ಲ, ಯಜಮಾನಿಗೆ ನೀವೇ ತಿಳಿಸಿ ಎಂದೂ ಬರೆದಿದ್ದರು.

ಆ ಕೊನೆಯ ಸಾಲಿಗೆ ನಾನು ಏನು ಉತ್ತರ ಬರೆಯಬೇಕಿತ್ತು? ಆಕೆಯೂ ಇಲ್ಲ ಎಂದು ಬರೆಯಬೇಕಿತ್ತು, ಅಷ್ಟೇ. ಬರೆಯಲಿಲ್ಲ. ನಿಮ್ಮ ಸುದ್ದಿ ಹೇಳಿದೆ, ನನ್ನ ಹೆಂಡತಿ ಬಹಳ ಅತ್ತಳು, ಒಂದು ಹೊತ್ತು ಊಟ ಬಿಟ್ಟಳು ಎಂದು ಬರೆದೆ. ಬರೆಯುವಾಗ ಕೈ ತಡೆಯಲಿಲ್ಲ. ಆಕೆ ಇದ್ದಿದ್ದರೆ ಹಾಗೆಯೇ ಮಾಡುತ್ತಿದ್ದಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳುತ್ತೇನೆ, ಅದನ್ನು ಬರೆದ ದಿನ ನನಗೆ ಹಿತವೇ ಆಯಿತು. ಜಗತ್ತಿನಲ್ಲಿ ಒಬ್ಬ ಮನುಷ್ಯನ ಪಾಲಿಗಾದರೂ ಆಕೆ ನಮ್ಮ ಮನೆಯಲ್ಲಿ ಓಡಾಡಿಕೊಂಡಿದ್ದಳು.

ಅಜ್ಜ ಹಾರುವ ದಿನ ಮುಂಜಾನೆ ಕಾಗದಕ್ಕೆ ಕೂತೆ. ಈ ಕೆಲಸದಲ್ಲಿ ಪ್ರತಿ ಸಲ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಪ್ರಯಾಣದ ಕಾಗದ ತೆಗೆದು ತಾರೀಖು, ವೇಳೆ ತಿದ್ದುತ್ತೇವೆ. ಅದನ್ನೇ ಮಾಡಿದೆ. ಚಾಲಕ ಒಬ್ಬರು, ಪ್ರಯಾಣಿಕರು ಒಬ್ಬರು. ಪ್ರಯಾಣಿಕರ ಸಾಲಿನಲ್ಲಿ ಅಜ್ಜಿಯ ಹೆಸರು. ಕೊನೆಯಲ್ಲಿ ಷರಾ: ಮೊಣಕಾಲು ನೋವಿದೆ, ವಿಮಾನದ ಬಳಿಗೆ ಗಾಲಿ ಖುರ್ಚಿ ತರಬೇಕು.

ಮರೆತೆ ಎಂದರೆ ಸುಳ್ಳಾಗುತ್ತದೆ. ನಾನು ಆ ಸಾಲನ್ನು ನೋಡಿದೆ. ಅಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟೆ. ಒತ್ತಲಾಗಲಿಲ್ಲ. ಚಹಾ ಕುಡಿದು ಬಂದು ಅಳಿಸಿದರಾಯಿತು ಎಂದು ಎದ್ದೆ. ಬಂದು ಕೂತಾಗ ಕಂಪನಿಯಿಂದ ಬೇರೆ ಮೂರು ವಿಮಾನಗಳ ಅವಸರ ಬಂತು. ಎಲ್ಲವನ್ನೂ ಒಟ್ಟಿಗೆ ಕಳಿಸಿಬಿಟ್ಟೆ. ಗಟ್ಟಿಯಾಗಿ ಓದಿದ್ದರೆ ನಾಲಿಗೆ ಅಲ್ಲಿ ನಿಲ್ಲುತ್ತಿತ್ತು. ಓದುವವರು ಯಾರಿದ್ದರು?

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಅವರಿಗೆ ಅದು ಮುಂಜಾನೆ. ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಗದದಲ್ಲಿ ಇಬ್ಬರಿದ್ದೆವು ಎಂದರು. ತಪ್ಪಾಯಿತು, ತಪ್ಪಾಯಿತು ಎಂದೆ. ಯಜಮಾನಿ ಹೇಗೆ ಬಿಟ್ಟಳು ಇದನ್ನು, ಫೋನು ಕೊಡು ಅವಳಿಗೆ, ಬೈಯುವುದಿಲ್ಲ ಎಂದರು. ಆಗಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಮುದ್ದೇಬಿಹಾಳಕ್ಕೆ ತವರಿಗೆ ಹೋಗಿದ್ದಾಳೆ ಎಂದೆ.

ಅವರು ನಂಬಿದರು. ನಂಬಿ, ನಡೆದದ್ದನ್ನೆಲ್ಲ ಹೇಳಿದರು. ಆ ದ್ವೀಪದ ಕಸ್ಟಮ್ಸ್ ಕಟ್ಟಡದಲ್ಲಿ ಇರುವುದು ಒಬ್ಬರೇ ಅಧಿಕಾರಿ, ಒಬ್ಬ ಹೆಣ್ಣುಮಗಳು. ಅಜ್ಜಿಯನ್ನು ಹದಿನೈದು ವರ್ಷಗಳಿಂದ ಬಲ್ಲವಳು. ನನ್ನ ಕಾಗದ ನೋಡಿದವಳೇ, ವಿಮಾನ ಇಳಿಯುವ ಮೊದಲೇ ಖುರ್ಚಿ ತಂದು ಬಿಸಿಲಲ್ಲಿ ಕಾಯುತ್ತ ನಿಂತಿದ್ದಳಂತೆ. ಅಜ್ಜ ಇಳಿದರು. ಆಕೆ ನಕ್ಕು, ಅಜ್ಜನನ್ನು ದಾಟಿ, ಆ ಕಡೆಯ ಬಾಗಿಲಿಗೆ ಹೋಗಿ ಖುರ್ಚಿ ಇಟ್ಟು, ಬನ್ನಿ ಎಂದು ಕೈ ಚಾಚಿದಳಂತೆ. ಆಕೆಯೇ ಬಾಗಿಲು ತೆಗೆದಳು, ಖಾಲಿ ಸೀಟು ನೋಡಿದಳು. ಆಮೇಲೆ ಒಳಗೆ ಕರೆದುಕೊಂಡು ಹೋಗಿ, ನಿಯಮ ಇದು, ಕ್ಷಮಿಸಿ ಎಂದು ಪೆನ್ನು ಕೊಟ್ಟಳು. ಇಲ್ಲದ ಪ್ರಯಾಣಿಕರ ಹೆಸರನ್ನು ವಿಮಾನ ತಂದವರೇ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು. ಮೂರು ಪ್ರತಿಗಳು. ಅಜ್ಜ ಮೂರು ಸಲ ಹೊಡೆದರು, ಮೂರು ಸಲ ಸಹಿ ಮಾಡಿದರು.

ನಾನು ಒಂದು ಸಲವೂ ಮಾಡಲಾರದೆ ತಪ್ಪಿಸಿಕೊಂಡದ್ದನ್ನು ಆ ಎಂಬತ್ತರ ಮುದುಕನ ಕೈಯಿಂದ ಮೂರು ಸಲ ಮಾಡಿಸಿದ್ದೆ. ಇನ್ನು ಸುಳ್ಳು ಹೊರಡಲಿಲ್ಲ. ಆಕೆ ತವರಿಗೆ ಹೋಗಿಲ್ಲ, ಮಳೆಗಾಲದ ಮೊದಲಲ್ಲೇ ತೀರಿಕೊಂಡಳು ಎಂದೆ. ನಿಮ್ಮ ಹೆಂಡತಿಯ ಹೆಸರು ಕಣ್ಣಿಗೆ ಬಿದ್ದಿತ್ತು, ಅಳಿಸಲು ಬೆರಳು ಬರಲಿಲ್ಲ ಎಂದೆ.

ಕಟ್ ಆಯಿತೇನೋ ಎಂದು ಎರಡು ಸಲ ಫೋನು ನೋಡಿದೆ. ಆಮೇಲೆ ಅಜ್ಜ ಮೆಲ್ಲಗೆ ಲೆಕ್ಕ ಹಾಕುವವರ ಹಾಗೆ ಕೇಳಿದರು: ಹಾಗಾದರೆ ನಾನು ಬರೆದಾಗ ಅವಳು ಇರಲಿಲ್ಲ. ನಿನ್ನ ಹೆಂಡತಿ ಅತ್ತಳು, ಊಟ ಬಿಟ್ಟಳು ಎಂದು ನೀನು ಬರೆದೆಯಲ್ಲ. ನನ್ನ ಮನೆಯಲ್ಲಿ ನನ್ನ ಜೊತೆ ಅಳುವವರು ಯಾರೂ ಇರಲಿಲ್ಲ. ಅಷ್ಟು ದೂರದಲ್ಲಿ ಒಬ್ಬಳು ಅತ್ತಳಲ್ಲ ಎಂದು ಅದನ್ನೇ ದಿನಾ ತೆಗೆದು ಓದಿಕೊಳ್ಳುತ್ತಿದ್ದೆ. ಅದೂ ಸುಳ್ಳೇ?

"ಸುಳ್ಳಲ್ಲ," ಎಂದೆ. "ಅತ್ತದ್ದು ನಾನು."