ಓದದೆ ಬಂದ ಉತ್ತರ

ಮೊನ್ನೆ ಶನಿವಾರ ಸಂಜೆ ಆರಕ್ಕೆ ನನ್ನ ಗೆಳತಿ ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಳು. ಒಂದು ತಾಸಾದರೂ ಎದ್ದಿರಲಿಲ್ಲ.

ಅವಳನ್ನು ರೇಣುಕಾ ಎನ್ನೋಣ. (ಹೆಸರು ಬೇರೆ. ಕೇಳಿಯೇ ಬರೆಯುತ್ತಿದ್ದೇನೆ.) ಶಹಾಪುರದಲ್ಲಿ ಟೀಚರ್, ನಲವತ್ತರ ಹತ್ತಿರ. ಗಂಡ ಸಾಬಣ್ಣ ಸುರಪುರದವನು. ಎರಡು ವರ್ಷದಿಂದ ಪುಣೆಯ ಫ್ಯಾಕ್ಟರಿಯೊಂದರಲ್ಲಿದ್ದಾನೆ. ನಾನು ಯಾದಗಿರಿಯಿಂದ ಬಸ್ ಹತ್ತಿ ಹರಟೆಗೆಂದು ಹೋಗಿದ್ದೆ.

ಟೀ ಕುಡಿಯುವಾಗ ಅವಳ ಮೊಬೈಲ್ ಟಿಂಗ್ ಅಂತು. ಸಾಬಣ್ಣನ ಮೆಸೇಜ್. "ಕುಂದ್ರು. ನಾ ಏಳು ಅನ್ನೂತನಕ ಏಳಬ್ಯಾಡ."

ಅವರಿಬ್ಬರ ನಡುವೆ ಇಂಥದೊಂದು ಬಂಧವಿದೆ. ಆತ ಹೇಳಬೇಕು, ಈಕೆ ಕೇಳಬೇಕು. ಯಾವ ಸೀರೆ, ಯಾವಾಗ ಊಟ, ಸಂಜೆ ಹತ್ತು ನಿಮಿಷ ಸುಮ್ಮನೆ ಕೂರುವುದು. ಇಬ್ಬರೂ ಮಾತಾಡಿ ಒಪ್ಪಿಕೊಂಡದ್ದು. ಹುಬ್ಬೇರಿಸಿದಿರಾ? ನಾನೂ ಏರಿಸಿದ್ದೆ. "ಇದು ದಬ್ಬಾಳಿಕಿ ಅಲ್ಲೇನ?" ಅಂದಿದ್ದೆ.

"ದಬ್ಬಾಳಿಕ್ಯಾಗ ಬ್ಯಾಡ ಅನ್ನಾಕ ಬರೂದಿಲ್ಲ. ನನ್ನ ಕಡೆ ಒಂದು ಪದ ಐತಿ" ಅಂದಿದ್ದಳು ರೇಣುಕಾ.

ಆ ಪದ 'ಹತ್ತಿಕುಣಿ'. ಮದುವೆಯ ಹೊಸದರಲ್ಲಿ ಇಬ್ಬರೂ ಕೆರೆ ನೋಡಲು ಹೋಗಿದ್ದ ಊರು. ಅವಳು ಅದನ್ನು ಬರೆದರೆ ಎಲ್ಲ ಬಂದ್. ಆತ ಎಲ್ಲಿದ್ದರೂ ತಕ್ಷಣ ಫೋನ್ ಮಾಡಬೇಕು. ಒಮ್ಮೆ ಮಷಿನ್ ನಿಲ್ಲಿಸಿ ಮಾಡಿದ್ದನಂತೆ.

ಅವತ್ತು ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು, ತಾಸಾಯಿತು. "ಏಳು" ಬರಲಿಲ್ಲ. ಹೊರಗೆ ಕತ್ತಲಾಗುತ್ತಿತ್ತು. ಲೈಟ್ ಹಾಕಬೇಕೆನ್ನುವುದೂ ನನಗೆ ಹೊಳೆಯಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ಏಳವಾ, ಸಾಕು."

"ಅವ ಅಂದಿಲ್ಲ."

"ಹಂಗಾರ ಆ ಪದ ಹಾಕು!"

ಹಾಕಿದಳು. ಎರಡು ಬೂದು ಟಿಕ್ ಬಿದ್ದವು. ನೀಲಿಯಾಗಲಿಲ್ಲ. ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ಕಟ್ಟಾಯಿತು.

ಆಮೇಲೆ ಟಿಂಗ್.

"ಶಾಣ್ಯಾಕಿ. ಹಂಗ ಕುಂತಿರು. ನಾ ನೋಡಾಕತ್ತೇನಿ."

ನಾನು ತಿರುಗಿ ಕಿಟಕಿ ನೋಡಿದೆ. (ಪುಣೆಯಲ್ಲಿರುವವನು ಕಿಟಕಿಯಲ್ಲಿ ಯಾಕಿರುತ್ತಾನೆ? ಆದರೂ ನೋಡಿದೆ.) ಟಿಕ್ ಇನ್ನೂ ಬೂದು. ಇವಳು ಬರೆದದ್ದನ್ನು ಅವನು ಓದಿಲ್ಲ. ಆದರೆ ಮಾತಾಡುತ್ತಿದ್ದಾನೆ!

"ಇಂವ ನನ್ನ ಗಂಡ ಅಲ್ಲ" ಅಂದಳು ರೇಣುಕಾ. ಅಂದವಳೇ ಎದ್ದು ನಿಂತಳು.

ಪುಣೆಯಲ್ಲಿ ಆತನ ಜೊತೆಯವರ ಒಂದು ನಂಬರೂ ಅವಳ ಬಳಿ ಇರಲಿಲ್ಲ. ಸುರಪುರದಲ್ಲಿರುವ ಭಾವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಈಗರ ಮೆಸೇಜ್ ಬಂತಂತಿ. ಮತ್ತ ಆರಾಮ ಅದಾನಲ್ಲವಾ?" ಅಂದರು ಅವರು. "ಏನ್ ಬರದಾನ, ಓದು."

ರೇಣುಕಾ ನನ್ನ ಮುಖ ನೋಡಿದಳು. ನಾನಾಗಿದ್ದರೆ ಸುಳ್ಳು ಹೇಳುತ್ತಿದ್ದೆ. ಅವಳು ಓದಿದಳು, ಒಂದಕ್ಷರ ಬಿಡದೆ.

"ಇದು ನಮ್ಮಿಬ್ಬರ ನಡುವಿಂದು, ಭಾವ. ನಾ ನಿಲ್ಲಸು ಅಂದ ಮ್ಯಾಲ ಅವ ಹಿಂಗ ಬರಿಯಾವಲ್ಲ. ಏನರೆ ಆಗೇತಿ. ನನಗ ನಾಳಿ ಬೇಕಾದ್ದು ಬೈರಿ, ಈಗ ಯಾರನ್ನರೆ ಕಳಸ್ರಿ."

ಭಾವ ಬೈಯಲಿಲ್ಲ. ಪುಣೆಯಲ್ಲಿ ಸಾಬಣ್ಣನ ರೂಮಿನ ಹಿಂದಿನ ಗಲ್ಲಿಯಲ್ಲಿ ಸುರಪುರದವರೊಬ್ಬರಿದ್ದರು. ಭಾವ ಫೋನ್ ಮಾಡಿದ್ದೇ ಅವರು ಓಡಿದರು. ಬಾಗಿಲಿಗೆ ಒಳಗಿಂದ ಲಾಕ್. ಒಳಗೆ ಮೊಬೈಲ್ ರಿಂಗಾಗುತ್ತಲೇ ಇತ್ತು. ಬಾಗಿಲು ಒಡೆದರು.

ಸಾಬಣ್ಣ ಮಂಚದ ಪಕ್ಕ ಬಿದ್ದಿದ್ದ. ಜ್ವರ, ಎಚ್ಚರವಿಲ್ಲ. ಬೆಳಿಗ್ಗೆಯೇ ಬಿದ್ದಿರಬೇಕು. ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು.

ಮೆಸೇಜು? ಶುಕ್ರವಾರ ಮೈ ಬಿಸಿಯಾದಾಗಲೇ, ಹೆಂಡತಿಗೆ ಒಂಟಿ ಅನ್ನಿಸದಿರಲಿ ಎಂದು ಎರಡು ದಿನದ ಮೆಸೇಜನ್ನು ಮೊದಲೇ ಬರೆದು, ತಾವಾಗಿಯೇ ಹೋಗುವಂತೆ ಮೊಬೈಲಿನಲ್ಲಿ ಟೈಮ್ ಹಚ್ಚಿಟ್ಟಿದ್ದ. ಆರೂ ಹತ್ತಕ್ಕೆ ಹಚ್ಚಬೇಕಿದ್ದ "ಶಾಣ್ಯಾಕಿ" ಮೆಸೇಜನ್ನು ಜ್ವರದ ಮಂಪರಿನಲ್ಲಿ ಏಳೂ ಹತ್ತಕ್ಕೆ ಹಚ್ಚಿದ್ದ. "ಏಳು" ಅನ್ನುವುದನ್ನು ಹಚ್ಚಲು ಮರೆತೇಬಿಟ್ಟಿದ್ದ.

ಭಾನುವಾರ ಬೆಳಿಗ್ಗೆ ಅವನಿಗಿನ್ನೂ ಸಲೈನ್ ಏರುತ್ತಿತ್ತು. ಪುಣೆಗೆ ಹೊರಟು ಬಾಗಿಲಲ್ಲಿದ್ದೆವು. ಮತ್ತೆ ಟಿಂಗ್. "ಎದ್ದ್ಯಾ? ಹಸಿರು ಸೀರಿ ಉಟ್ಕೋ."

ಎಷ್ಟೋ ಹೊತ್ತು ಅದನ್ನೇ ನೋಡಿದಳು. ಕೆಂಪು ಸೀರೆಯಲ್ಲೇ ಬಸ್ ಹತ್ತಿದಳು.

ಈಗ ಸಾಬಣ್ಣ ಓಡಾಡುತ್ತಿದ್ದಾನೆ. ಅವರು ಬಂಧ ಬಿಟ್ಟಿಲ್ಲ, ನಿಯಮ ಬದಲಿಸಿದ್ದಾರೆ. ಟೈಮ್ ಹಚ್ಚಿದ ಮೆಸೇಜ್ ಇಲ್ಲ. ಅರ್ಧ ತಾಸು "ಏಳು" ಬರದಿದ್ದರೆ ಅವಳೇ ಏಳುತ್ತಾಳೆ. ಮೈ ಸರಿ ಇಲ್ಲದ ದಿನ ಆತ ಮೊದಲು ಅದನ್ನೇ ಹೇಳಬೇಕು. ರೂಮಿನ ಇನ್ನೊಂದು ಕೀಲಿ ಹಿಂದಿನ ಗಲ್ಲಿಯವರ ಹತ್ತಿರ, ಅವರ ನಂಬರ್ ರೇಣುಕಾ ಹತ್ತಿರ.

"ಹೇಳಾವ ನಾ ಅಂತ ಭಾಳ ಹಿಗ್ಗಿದ್ದೆರಿ" ಅಂದ ಸಾಬಣ್ಣ ನನಗೆ ಫೋನಿನಲ್ಲಿ. "ನನ್ನ ಜೀವ ಕೇಳಾಕಿ ಕೈಯಾಗ ಇತ್ತು."

ನಿಮ್ಮ ಮನೆಯಲ್ಲಿ ಹೇಳುವವರು ಬಿದ್ದರೆ ಬಾಗಿಲು ಒಡೆಯುವವರು ಯಾರು, ನಂಬರ್ ಇದೆಯೇ?