ಹತ್ತು ಗ್ರಾಂ, ಒಂದೇ ಸದ್ದು

ಸೂರ್ಯ ಇನ್ನೂ ಗುಡ್ಡ ಹತ್ತಿಲ್ಲ. ಓಸ್‌ವಾಲೆನ್ ಊರಿನ ಗುರಿ ಮೈದಾನದಲ್ಲಿ ಸಿಗ್‌ಬ್ರಿಟ್ ಹಾಲೆನ್ ಅವರು ಮರದ ಮೂಸ್‌ಗೆ ತೇಪೆ ಹಾಕುತ್ತಿದ್ದಾರೆ. ಹಲಗೆಯಲ್ಲಿ ಕೊರೆದು ಕಂದು ಬಣ್ಣ ಬಳಿದ, ಕಡವೆಗಿಂತಲೂ ದೊಡ್ಡದಾದ ಈ ಪ್ರಾಣಿ ಹಳಿಗಳ ಮೇಲೆ ಓಡುತ್ತದೆ. ಊರಿನ ಬೇಟೆಗಾರರು ಬೇಸಿಗೆಯಿಡೀ ಅದಕ್ಕೆ ಗುಂಡು ಹೊಡೆಯುತ್ತಾರೆ, ಸಿಗ್‌ಬ್ರಿಟ್ ಬೇಸಿಗೆಯಿಡೀ ಅದನ್ನು ವಾಸಿ ಮಾಡುತ್ತಾರೆ. ತೂತಿಗೆ ಹಿಟ್ಟಿನ ಅಂಟು ಸವರಿ, ಕಾಗದದ ಚೂರು ಇಟ್ಟು, ಹೆಬ್ಬೆರಳಿನಿಂದ ಒತ್ತಿ, ಸೊಂಟ ಹಿಡಿದುಕೊಂಡು ಮುಂದಿನ ತೂತಿಗೆ ಬಾಗುತ್ತಾರೆ.

"ಈ ಹೊಟ್ಟೆ ಮೇಲಿಂದು ಯಾರ್ದು ಅಂತ ಮಾತ್ರ ಕೇಳ್ಬೇಡ," ಎನ್ನುತ್ತಾರೆ ನನ್ನ ಕಡೆ ತಿರುಗದೆಯೇ. "ಕೇಳಿದ್ರೆ ಹೇಳ್ಬೇಕಾಗುತ್ತೆ. ಹೇಳಿದ್ರೆ ಹೆನ್ನಿಂಗ್ ಇವತ್ತು ಕಾಫಿಗೆ ಬರಲ್ಲ."

ಹೆನ್ನಿಂಗ್ ಅವರು ನಮ್ಮ ಊರಿನ ಬೇಟೆ ತಂಡದ ಮುಖಂಡರು. ಪ್ರತಿ ಸೆಪ್ಟೆಂಬರ್‌ನಲ್ಲಿ ಅವರ ಫೋಟೋ ನಮ್ಮ ಪತ್ರಿಕೆಯಲ್ಲಿ ಬರುತ್ತದೆ: ಪಕ್ಕದಲ್ಲಿ ಕೊಂಬು, ಮುಖದ ತುಂಬ ನಗು. ಸಿಗ್‌ಬ್ರಿಟ್ ಅವರ ಫೋಟೋ ಒಂದು ಸಲವೂ ಬಂದಿಲ್ಲ. ಬರಬೇಕಿತ್ತು ಎಂದು ನನಗೆ ಬಹಳ ವರ್ಷಗಳಿಂದ ಅನ್ನಿಸಿದೆ. ಆ ಕೊಂಬಿನವರೆಗೆ ಗುಂಡು ತಲುಪುವುದಕ್ಕೆ ಮುಂಚೆ, ಆ ಗುಂಡು ಯಾವುದಿರಬೇಕು ಎಂದು ಆರಿಸಿದವರು ಇವರು.

ವಾರದ ದಿನಗಳಲ್ಲಿ ಅವರು ಕಬ್ಬಿಣದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ತೋಟಾ ಮಾರುತ್ತಾರೆ. ಶನಿವಾರ ಈ ಮೈದಾನ. ಇಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇರುವುದು ಆರೂವರೆ ಮಿಲಿಮೀಟರ್ ನಳಿಗೆಯ ಹಳೆಯ ಕೋವಿ, ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಕ್ಕಳಿಗೆ ಬಂದದ್ದು. ತೋಟಾ ಒಂದೇ. ಆದರೆ ಅದರ ತುದಿಯಲ್ಲಿ ಕೂತ ಗುಂಡು ಹತ್ತು ಗ್ರಾಂ ತೂಗಬೇಕೋ ಒಂಬತ್ತು ಗ್ರಾಂ ತೂಗಬೇಕೋ ಎನ್ನುವುದು ಬೇರೆಯೇ ಮಾತು. ಒಂದು ಗ್ರಾಂಗೆ ಇಷ್ಟೆಲ್ಲ ಯಾಕೆ ಎಂದು ಪೇಟೆಯವರು ನಗಬಹುದು. ಆ ಒಂದು ಗ್ರಾಂ ವಾದದಲ್ಲಿ ಅಣ್ಣತಮ್ಮಂದಿರು ಹಬೆಸ್ನಾನದ ಸೌನಾದಿಂದ ಅರ್ಧಕ್ಕೇ ಎದ್ದು, ಟವೆಲ್ ಸುತ್ತಿಕೊಂಡು ಬೇರೆ ಬೇರೆ ದಾರಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಿಗ್‌ಬ್ರಿಟ್ ಯಾರ ಪಕ್ಷವೂ ಅಲ್ಲ. "ಹತ್ತರದು ಮರದ ದಿಮ್ಮಿ ಎಳೆಯೋ ಕುದುರೆ ಥರ. ಅದಕ್ಕೆ ಅವಸರ ಇಲ್ಲ. ಮೂಳೆ ಅಡ್ಡ ಬಂದ್ರೂ ದಾಟ್ಕೊಂಡು ಹೋಗುತ್ತೆ, ಮಾಂಸಾನೂ ಜಾಸ್ತಿ ಹಾಳು ಮಾಡಲ್ಲ. ಒಂಬತ್ತರದು ಚುರುಕು. ದೂರಕ್ಕೆ ನೇರ ಹೋಗುತ್ತೆ, ಭುಜಕ್ಕೂ ಅಷ್ಟು ಒದೆಯಲ್ಲ. ಎರಡೂ ಒಳ್ಳೇವೇ ಮಾರಾಯ. ಯಾವ ಕೋವಿಗೆ ಯಾವ್ದು ಅನ್ನೋದನ್ನ ಕೋವಿನೇ ಹೇಳ್ಬೇಕು."

ಕೋವಿ ಹೇಳುವ ರೀತಿ ಹೀಗೆ. ಬೇಟೆಗಾರ ಬೆಂಚಿನ ಮೇಲೆ ಕೋವಿ ಒರಗಿಸಿ ಮೂರು ಗುಂಡು ಹೊಡೆಯುತ್ತಾನೆ, ತೂಕ ಬದಲಿಸಿ ಇನ್ನೂ ಮೂರು. ಸಿಗ್‌ಬ್ರಿಟ್ ನಡೆದು ಹೋಗಿ ಕಾಗದ ನೋಡುತ್ತಾರೆ. ಅವರಿಗೆ ನಟ್ಟನಡುವೆ ಬಿದ್ದ ತೂತು ಮುಖ್ಯವಲ್ಲ, ಮೂರೂ ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎನ್ನುವುದು ಮುಖ್ಯ. ಆಮೇಲೆ, ಎಲ್ಲಿ ಕೂರ್ತೀಯ, ಜೌಗಿನ ಅಂಚಲ್ಲೋ ದಟ್ಟ ಕಾಡಲ್ಲೋ ಎಂದು ಕೇಳುತ್ತಾರೆ. ಉತ್ತರ ಬಂದ ಮೇಲೆ ತೋಟಾ ಡಬ್ಬಿಗೆ ಉಣ್ಣೆಯ ಎಳೆ ಕಟ್ಟಿ ಕೊಡುತ್ತಾರೆ. ಕೆಂಪು ಎಳೆ ಹತ್ತು ಗ್ರಾಂಗೆ, ನೀಲಿ ಒಂಬತ್ತಕ್ಕೆ. ಗಂಡ ಹೆಂಡತಿ ಇಬ್ಬರೂ ಬೇಟೆಗೆ ಹೋಗುವ ಮನೆಗಳಲ್ಲಿ ಈ ಎಳೆ ಇಲ್ಲದಿದ್ದರೆ ಒಬ್ಬರ ತೋಟಾ ಇನ್ನೊಬ್ಬರ ಜೇಬು ಸೇರುವುದು ಗ್ಯಾರಂಟಿ.

ಎಳೆ ಬಿಚ್ಚಿಹೋದರೆ ಏನು ಮಾಡಬೇಕು ಎಂದರೆ ನನ್ನ ಬೆರಳು ಹಿಡಿದು ತೋಟಾದ ತುದಿಗೆ ಒತ್ತುತ್ತಾರೆ. "ಮೊಂಡಾಗಿದ್ಯಲ್ಲ, ಅದು ಭಾರದ್ದು. ಇದು ಚುಚ್ಚುತ್ತಾ? ಹಗುರದ್ದು. ಕತ್ತಲಲ್ಲೂ ಗೊತ್ತಾಗುತ್ತೆ. ನಿನಗೆ ಗೊತ್ತಾಗುತ್ತೋ ಇಲ್ವೋ, ಪೆನ್ನು ಹಿಡಿದು ಹಿಡಿದು ಬೆರಳು ಜಡ್ಡುಗಟ್ಟಿರುತ್ತೆ."

ಮೊದಲು ಅವರು ಶಾಲೆಯ ಅಡುಗೆಮನೆಯಲ್ಲಿದ್ದರು. ಮಂಡಿ ಸೋತಾಗ ಆ ಕೆಲಸ ಬಿಟ್ಟರು. ಗುಂಡಿನ ತೂಕದ ಹುಚ್ಚು ಹಿಡಿಸಿದ್ದು ಗಂಡ ಏವರ್ಟ್. ಗುಂಡು ತಪ್ಪಾಗಿ ತಗುಲಿ ಓಡಿಹೋದ ಮೂಸ್ ಅನ್ನು ನಾಯಿಯ ಜೊತೆ ಹುಡುಕಿ ಅದರ ನೋವು ಮುಗಿಸುವುದು ಏವರ್ಟ್ ಅವರ ಕೆಲಸ. ಮದುವೆಯಾದ ಹೊಸದರಲ್ಲಿ ಇವರೂ ದೀಪ ಹಿಡಿದು ಹಿಂದೆ ಹೋಗುತ್ತಿದ್ದರು. "ಏವರ್ಟ್‌ಗೆ ಕೆಲಸ ಇಲ್ದಂಗೆ ಮಾಡ್ಬೇಕು ಅಂತ ಆವಾಗ್ಲೇ ಅಂದ್ಕೊಂಡೆ," ಎನ್ನುತ್ತಾರೆ. "ಅವನೂ ಅದನ್ನೇ ಬಯಸ್ತಾನೆ. ಸೋಮಾರಿ."

ಊರಿನ ಕಿವಿ ಕಾಯುವುದೂ ಅದನ್ನೇ. ಬೇಟೆ ಶುರುವಾದ ದಿನ ಎಲ್ಲರೂ ಮನೆಯಲ್ಲಿ ಕೆಲಸ ಮಾಡುತ್ತಲೇ ಗುಡ್ಡದ ಕಡೆ ಕಿವಿ ಕೊಟ್ಟಿರುತ್ತಾರೆ. ಒಂದು ಸದ್ದು ಬಂದು ನಿಂತರೆ ನೆಮ್ಮದಿ. ಹಿಂದೆಯೇ ಇನ್ನೊಂದು, ಮತ್ತೊಂದು ಬಂದರೆ ಮೊದಲ ಗುಂಡು ಸರಿಯಾಗಿ ತಗುಲಿಲ್ಲ ಎಂದರ್ಥ, ಏವರ್ಟ್ ಎದ್ದು ನಾಯಿಗೆ ಹಗ್ಗ ಕಟ್ಟುತ್ತಾರೆ.

ಕಳೆದ ವರ್ಷ ಆ ಹಿಂದೆಯೇ ಬಂದ ಸದ್ದುಗಳು ವೆಂಡ್ಲಾಳವು. ವೆಂಡ್ಲಾ ನಮ್ಮ ಊರಿನ ಬಸ್ ಓಡಿಸುವವಳು, ನನ್ನ ಮಗಳ ವಯಸ್ಸಿನವಳು. ಅಪ್ಪ ಆರ್ವಿಡ್ ತೀರಿಕೊಂಡ ಮೇಲೆ ಅವರ ಕೋವಿಯೂ, ಜೌಗಿನ ಅಂಚಿನಲ್ಲಿ ಅವರು ಕೂರುತ್ತಿದ್ದ ಬಂಡೆಯೂ ಅವಳ ಪಾಲಿಗೆ ಬಂದವು. ಅದಕ್ಕೆ ಹಿಂದಿನ ಚಳಿಗಾಲ ಹಿಮದಲ್ಲಿ ಜಾರಿ ಬಿದ್ದು ಅವಳ ಭುಜದ ಮೂಳೆ ಮುರಿದಿತ್ತು. ಹತ್ತು ಗ್ರಾಂ ಗುಂಡಿಗೆ ಕೋವಿ ಒದೆದಾಗಲೆಲ್ಲ ಅವಳ ಕಣ್ಣಲ್ಲಿ ನೀರು. ಸಿಗ್‌ಬ್ರಿಟ್‌ಗೆ ನೋಡಲಾಗಲಿಲ್ಲ. ನೀಲಿ ಎಳೆ ಕಟ್ಟಿಕೊಟ್ಟರು.

ಅಲ್ಲಿಯೇ ಎಡವಟ್ಟಾದದ್ದು. ಆರ್ವಿಡ್ ತನ್ನ ಕೋವಿಯ ಗುರಿಮೊನೆಯನ್ನು, ನಳಿಗೆಯ ತುದಿಯಲ್ಲಿ ಗುರಿ ನೋಡುವ ಆ ಪುಟ್ಟ ಉಬ್ಬನ್ನು, ಭಾರದ ಗುಂಡಿಗೆ ಹೊಂದಿಸಿ ತೀಡಿದ್ದರು. ಹಗುರದ ಗುಂಡು ನಳಿಗೆಯಿಂದ ಬೇಗ ಹೊರಬೀಳುತ್ತದೆ, ಕೋವಿ ಮೇಲಕ್ಕೆ ಜಿಗಿಯುವ ಮೊದಲೇ. ಹಾಗಾಗಿ ಹತ್ತಿರದ ಗುರಿಗೆ ಅಂಗೈಯಷ್ಟು ಕೆಳಗೆ ತಾಗುತ್ತಿತ್ತು. ಮೊನೆಯನ್ನು ಇನ್ನಷ್ಟು ತೀಡಿದ್ದರೆ ಸರಿಹೋಗುತ್ತಿತ್ತು. ಅಪ್ಪ ಮುಟ್ಟಿದ್ದಕ್ಕೆ ಅರ ಹಾಕಬೇಡ ಎಂದು ವೆಂಡ್ಲಾ ಬೇಡಿಕೊಂಡಳು. ಸರಿ, ಸ್ವಲ್ಪ ಮೇಲಕ್ಕೆ ಗುರಿ ಹಿಡಿ, ನೆನಪಿಟ್ಟುಕೋ ಎಂದರು ಸಿಗ್‌ಬ್ರಿಟ್.

ಕಾಗದದ ಮುಂದೆ ಅವಳಿಗೆ ನೆನಪಿತ್ತು. ಜೌಗಿನಾಚೆಯ ಬರ್ಚ್ ಮರಗಳ ನಡುವಿನಿಂದ ನಿಜವಾದ ಮೂಸ್ ಕಾಲಿಟ್ಟು ಬಂದಾಗ ನೆನಪಿರಲಿಲ್ಲ. ಮೊದಲ ಗುಂಡು ಕಾಲಿಗೆ ಬಿತ್ತು, ಆಮೇಲಿನವು ತಾಗಲಿಲ್ಲ. ಏವರ್ಟ್ ಮತ್ತು ನಾಯಿ ಅದನ್ನು ಕಂಡುಹಿಡಿಯುವಷ್ಟರಲ್ಲಿ ಸಂಜೆಯಾಗಿತ್ತು. ವೆಂಡ್ಲಾ ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ತಪ್ಪು ಅವಳದ್ದಲ್ಲ, ನಂದು," ಎಂದು ಸಿಗ್‌ಬ್ರಿಟ್ ಆ ವಾರವೇ ಕಾಫಿ ಕೂಟದಲ್ಲಿ ಎಲ್ಲರೆದುರು ಹೇಳಿದರು. ಈಗ ನನಗೂ ಹೇಳುತ್ತಾರೆ, ಅಂಟಿನ ಕುಂಚವನ್ನು ಡಬ್ಬಿಗೆ ಒರೆಸುತ್ತ. "ಎದೆ ಹೊಡ್ಕೊಳ್ಳೋ ಹೊತ್ತಲ್ಲಿ ಲೆಕ್ಕ ನೆನಪಿಟ್ಕೋ ಅಂತ ಯಾರಿಗಾದ್ರೂ ಹೇಳ್ತಾರಾ? ಮನುಷ್ಯರು ಮರೀತಾರೆ ಕಣೋ. ಮರೆತ್ರೂ ನಡಿಯೋ ಹಂಗೆ ಮಾಡ್ಕೊಡ್ಬೇಕಾಗಿದ್ದು ನನ್ನ ಕೆಲಸ."

ಇವತ್ತು ಬೇಟೆಗೆ ಮುಂಚಿನ ಕೊನೆಯ ಶನಿವಾರ. ನಾಳೆ ಸಂಜೆ ಹೆನ್ನಿಂಗ್ ಯಾರು ಎಲ್ಲಿ ಕೂರಬೇಕೆಂದು ಹಂಚುತ್ತಾರೆ. ಅವರು ಕಾಫಿಗೆ ಬಂದೇ ಬಂದರು, ತೆಳುರೊಟ್ಟಿಗೆ ಬೆಣ್ಣೆ ಹಚ್ಚುತ್ತ ಮುಖ ಚಿಕ್ಕದು ಮಾಡಿಕೊಂಡು ಹೇಳುತ್ತಾರೆ: "ವೆಂಡ್ಲಾ ಈ ಸಲ ಒಲ್ಲೆ ಅಂದ್ರೆ ಆರ್ವಿಡ್ ಬಂಡೆ ಬೇರೆಯವರಿಗೆ ಹೋಗುತ್ತೆ. ನಾನೇನ್ ಮಾಡ್ಲಿ ಹೇಳು. ಖಾಲಿ ಬಿಟ್ರೆ ಮೂಸ್‌ಗಳೆಲ್ಲ ಅಲ್ಲೇ ನುಸುಳಿ ಹೋಗ್ತವೆ."

"ನೀನು ಕೂತ್ರೂ ನುಸುಳಿ ಹೋಗ್ತವೆ," ಎನ್ನುತ್ತಾರೆ ಸಿಗ್‌ಬ್ರಿಟ್. "ಹೊಟ್ಟೆಗೆ ತೇಪೆ ಹಾಕಿ ಬಂದಿದೀನಿ ಈಗ ತಾನೇ."

ಹತ್ತು ಗಂಟೆಯ ಹೊತ್ತಿಗೆ ವೆಂಡ್ಲಾ ಬರುತ್ತಾಳೆ. ಕೋವಿ ತಂದಿದ್ದಾಳೆ, ಆದರೆ ಚೀಲದಿಂದ ತೆಗೆಯುತ್ತಿಲ್ಲ.

"ಸುಮ್ನೆ ಕಾಫಿ ಕುಡ್ದು ಹೋಗೋಣಾಂತ ಬಂದೆ."

"ಕೋವಿಗೂ ಕಾಫಿ ಕುಡ್ಸೋಕಾ?" ಸಿಗ್‌ಬ್ರಿಟ್ ಮೇಜಿನ ಕೆಳಗಿನಿಂದ ಒಂದು ಗಂಟು ತೆಗೆಯುತ್ತಾರೆ. ತಮ್ಮದೇ ಕುರಿಗಳ ಉಣ್ಣೆಯನ್ನು ಹೆಣೆದು, ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ದಪ್ಪ ಮಾಡಿದ ಬೂದು ಬಣ್ಣದ ಚೀಲ, ಕೋವಿಯ ಬುಡಕ್ಕೆ ತೊಡಿಸಲು. ನಾಲ್ಕು ಸಲ ಬಿಚ್ಚಿ ಹೆಣೆದರಂತೆ. ಜೊತೆಗೆ ಕೆಂಪು ಎಳೆ ಕಟ್ಟಿದ ಡಬ್ಬಿ. "ಅಪ್ಪನ ಗುಂಡೇ ಹಾಕು. ಮೇಲೆ ಕೆಳಗೆ ಏನೂ ನೆನಪಿಡ್ಬೇಡ. ನೋಡಿದ ಕಡೆ ಹೊಡಿ, ಅಷ್ಟೇ. ಒದೆತಾನ ಈ ಉಣ್ಣೆ ನೋಡ್ಕೊಳ್ಳುತ್ತೆ."

ವೆಂಡ್ಲಾ ಬೆಂಚಿಗೆ ಕೂರುತ್ತಾಳೆ. ಮೂರು ಗುಂಡು. ಸಿಗ್‌ಬ್ರಿಟ್ ನಡೆದು ಹೋಗಿ ಕಾಗದವನ್ನೇ ಕಿತ್ತುಕೊಂಡು ಬರುತ್ತಾರೆ. ಮೂರು ತೂತುಗಳ ಮೇಲೂ ಒಂದು ಕಾಫಿ ಬಟ್ಟಲಿಟ್ಟು ಮುಚ್ಚಬಹುದು, ಅದೂ ನಡುವಿನಲ್ಲಿ. ಭುಜ ಹೇಗಿದೆ ಎಂದರೆ, "ಇದೆ" ಎನ್ನುತ್ತಾಳೆ ವೆಂಡ್ಲಾ. ಆದರೆ ಹಳಿಯ ಮೇಲಿನ ಮೂಸ್ ಓಡಲು ಶುರುವಾದ ಕೂಡಲೇ ಅವಳ ಕೈ ನಿಲ್ಲುತ್ತದೆ. ಅದು ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ವಾಪಸು ಬರುತ್ತದೆ. ಗುಂಡು ಹಾರುವುದಿಲ್ಲ.

"ಆಗಲ್ಲ ಸಿಗ್‌ಬ್ರಿಟ್. ಕಾಲೇ ಕಾಣ್ಸುತ್ತೆ ನಂಗೆ."

ಸಿಗ್‌ಬ್ರಿಟ್ ಧೈರ್ಯ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಹೆನ್ನಿಂಗ್‌ಗೆ ಮೋಟಾರು ನಿಲ್ಲಿಸಲು ಹೇಳಿ, ಕೋವಿಯನ್ನು ಖಾಲಿ ಮಾಡಿಸಿ ಬೆಂಚಿನ ಮೇಲಿಡಿಸಿ, ಹಳಿಯ ತುದಿಯ ಮಣ್ಣಿನ ದಿಬ್ಬದ ಹಿಂದಿನ ಗುಂಡಿಗೆ ಇಳಿದು ಹೋದರು. ಮೋಟಾರು ಬರುವ ಮುಂಚಿನ ಕಾಲದ ಕೈರಾಟೆ ಅಲ್ಲಿ ಇನ್ನೂ ಇದೆ. ಅವರು ಒಳಗೆ ಸೇರಿ ಹಸಿರು ಬಾವುಟ ಏರಿಸಿದ ಮೇಲೆ ಮರದ ಮೂಸ್ ಮತ್ತೆ ಚಲಿಸಿತು. ಈಗ ಅದು ಓಡುತ್ತಿಲ್ಲ. ಸೊಪ್ಪು ಕಡಿಯುತ್ತ ಬರುವ ಪ್ರಾಣಿಯ ಹಾಗೆ ನಾಲ್ಕು ಹೆಜ್ಜೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಎರಡು ಹೆಜ್ಜೆ. ದಿಬ್ಬದ ಹಿಂದೆ ನೋಯುವ ಮಂಡಿಯ ಹೆಂಗಸೊಬ್ಬರು ರಾಟೆ ತಿರುಗಿಸುತ್ತಿದ್ದಾರೆ. ಕಾಡಿನಲ್ಲಿ ಮೂಸ್ ಬರುವುದು ಹೀಗೇ.

ವೆಂಡ್ಲಾ ಕೋವಿ ಎತ್ತಿದಳು. ಒಂದೇ ಸದ್ದು.

ತೂತು ಎದೆಯ ಮೇಲಿತ್ತು, ಮುಂಗಾಲಿನ ಹಿಂದೆ, ಇರಬೇಕಾದ ಜಾಗದಲ್ಲೇ. ಸಿಗ್‌ಬ್ರಿಟ್ ಬೆವರು ಒರೆಸಿಕೊಳ್ಳುತ್ತ ಬಂದು ಅದನ್ನು ನೋಡಿದರು. "ಅಂಟು ಖಾಲಿಯಾಗಿದೆ," ಎಂದರು. "ಇದು ಹೀಗೇ ಇರ್ಲಿ." ಅಂಟಿನ ಡಬ್ಬಿ ಅರ್ಧ ತುಂಬಿದ್ದನ್ನು ನಾನೂ ಹೆನ್ನಿಂಗ್ ಅವರೂ ನೋಡಿದೆವು.

ಸೋಮವಾರ ನಸುಕಿಗೆ ನಾನು ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಏವರ್ಟ್ ಒಳಗೆ ನಾಯಿಯ ಪಕ್ಕದಲ್ಲಿದ್ದಾರೆ, ಹಗ್ಗ ಗೂಟದಲ್ಲಿ ನೇತಾಡುತ್ತಿದೆ. ಸಿಗ್‌ಬ್ರಿಟ್ ಕಾಫಿ ಸುರಿದು ಕುಡಿಯದೆ ಹಿಡಿದುಕೊಂಡಿದ್ದಾರೆ. ಬೇಟೆಯವರ ರೇಡಿಯೊ ಹಾಕುವುದಿಲ್ಲವೇ ಎಂದರೆ, ಬೇಡ ಎಂದು ತಲೆ ಅಲ್ಲಾಡಿಸುತ್ತಾರೆ. ಜೌಗಿನ ಕಡೆಯಿಂದ, ಆರ್ವಿಡ್ ಬಂಡೆಯ ಕಡೆಯಿಂದ, ಸದ್ದು ಬರುತ್ತದೆ. ಗುಡ್ಡಕ್ಕೆ ಬಡಿದು ಸರೋವರದ ಮೇಲೆ ಉರುಳಿ ಹೋಗುತ್ತದೆ.

ನಾವು ಕಾಯುತ್ತೇವೆ. ಕೊಕ್ಕರೆಗಳು ಕೂಗಿ ಸುಮ್ಮನಾಗುತ್ತವೆ. ಒಳಗೆ ನಾಯಿ ಒಮ್ಮೆ ತಲೆಯೆತ್ತಿ, ಮತ್ತೆ ಮಲಗುತ್ತದೆ. ಎರಡನೇ ಸದ್ದು ಬರುವುದಿಲ್ಲ.

ಸಿಗ್‌ಬ್ರಿಟ್ ಈಗ ಕಾಫಿ ಕುಡಿಯುತ್ತಾರೆ, ಆರಿದ್ದನ್ನೇ. ಫೋಟೋ ತೆಗೆಯಲೇ ಎಂದು ಕೇಳುತ್ತೇನೆ.

"ವೆಂಡ್ಲಾದು ತೆಗಿ, ಅವಳ ಅಪ್ಪನ ಬಂಡೆ ಮೇಲೆ," ಎನ್ನುತ್ತಾರೆ. ಬಟ್ಟಲು ಕೆಳಗಿಟ್ಟು, ದನಿ ತಗ್ಗಿಸುತ್ತಾರೆ: "ಆ ಕೆಂಪು ಎಳೆ ಡಬ್ಬಿ ಇದ್ಯಲ್ಲ, ಅದು ಅವಳಿಗೆ, ಸಲಕ್ಕೊಂದೇ ಗುಂಡು ಅಂತ, ಹತ್ತು ವರ್ಷ ಬರ್ಲಿ. ನಂಗೆ ಅಷ್ಟೇ ಬೇಕಾಗಿರೋದು. ಅಂಗಡಿಯವನಿಗೆ ಮಾತ್ರ ಹೇಳ್ಬೇಡಪ್ಪಾ."